ಬೆದೆ ನಿಂತ ಹಸುವೆಲ್ಲ ಗಬ್ಬವಲ್ಲ

ತೋಟಕ್ಕೆ ಗೊಬ್ಬರವಾಗುತ್ತದೆ, ಮನೆಗೆ ಹಾಲಾಗುತ್ತದೆ ಎಂದು ನಮ್ಮ ಸದಸ್ಯರಲ್ಲಿ ಬಹುಮಂದಿ ಒಂದೆರಡು ಹಸು ಕಟ್ಟಿರುತ್ತಾರೆ. ಮಿಕ್ಕ ಹಾಲು ಊರ ಡೇರಿಯ ಮೂಲಕ ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿಗೆ ಹೋಗುತ್ತದೆ. ಅಂಥ ಹಸು ನಾಲ್ಕು ತಿಂಗಳು ಬರಿದೆ ನಿಂತರೆ ನಷ್ಟ ಸಣ್ಣದಲ್ಲ. ನಮ್ಮ ಕೊಟ್ಟಿಗೆಯಲ್ಲೇ ಹೀಗಾಯಿತು. ಕರು ಹಾಕಿದ ಮಿಶ್ರತಳಿ ಹಸುವಿಗೆ ಮಾಸು ತಡವಾಗಿ ಬಿದ್ದಿತ್ತು. ಒಮ್ಮೆ ಬೆದೆಗೆ ಬಂತು, ಆಮೇಲೆ ಬೆದೆಯೇ ಇಲ್ಲ. ಹೋರಿಯ ಸಂಪರ್ಕ ಯಾವಾಗಲೋ ಆಗಿರಬೇಕು, ಗಬ್ಬವಾಯಿತೆಂದು ಹಿಗ್ಗಿದೆವು. ವೈದ್ಯರು ಕೈಹಾಕಿ ನೋಡಿದಾಗ ಗರ್ಭಕೋಶದಲ್ಲಿದ್ದುದು ಕರುವಲ್ಲ, ಕೀವು.

ಕರು ಹಾಕಿದ ಮೊದಲ ಎರಡು ವಾರಗಳಲ್ಲಿ ಹೆಚ್ಚಿನ ಹಸುಗಳ ಗರ್ಭಕೋಶಕ್ಕೆ ರೋಗಾಣುಗಳು ಹೊಕ್ಕೇ ಹೊಗುತ್ತವೆ. ಬಹುಪಾಲು ಹಸುಗಳು ತಾವಾಗಿಯೇ ತೊಳೆದುಕೊಳ್ಳುತ್ತವೆ. ಬೆದೆಯ ಕಾಲದಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಗರ್ಭಕೋಶದ ಬಾಯಿ ತೆರೆದು ಲೋಳೆ ಹರಿಯುತ್ತದೆ, ರಕ್ತಸಂಚಾರ ಹೆಚ್ಚಿ ಬಿಳಿ ರಕ್ತಕಣಗಳು ಕೆಲಸಕ್ಕಿಳಿಯುತ್ತವೆ. ಬೆದೆ ಮುಗಿದು ಅಂಡ ಬಿಡುಗಡೆಯಾದ ಜಾಗದಲ್ಲಿ ಹಳದಿ ಗಂಟೊಂದು ಬೆಳೆದು ಪ್ರೊಜೆಸ್ಟರಾನ್ ಸುರಿಸತೊಡಗಿದರೆ ಬಾಗಿಲು ಮುಚ್ಚುತ್ತದೆ, ಕಾವಲೂ ಸಡಿಲವಾಗುತ್ತದೆ. ಕರುವನ್ನು ಪರಕೀಯವೆಂದು ತಳ್ಳದಿರಲು ಇದು ಪ್ರಕೃತಿ ಮಾಡಿದ ಏರ್ಪಾಡು. ರೋಗಾಣುವಿಗೂ ಅದೇ ಅನುಕೂಲ. ಅಂಡಾಶಯದ ಹಾರ್ಮೋನಿಗೂ ಗರ್ಭಕೋಶದ ಸೋಂಕಿಗೂ ಇರುವ ಈ ಸಂಬಂಧವನ್ನು ಇಂಗ್ಲೆಂಡಿನ ರೌಸನ್, ಲ್ಯಾಮಿಂಗ್, ಫ್ರೈ ಎಂಬುವರು 1953ರಷ್ಟು ಹಿಂದೆಯೇ ಪ್ರಕಟಿಸಿದ್ದರು.

ಸಾಮಾನ್ಯವಾಗಿ ಸುಮಾರು 17ನೆಯ ದಿನ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಬಿಡುಗಡೆ ಮಾಡಿ ಹಳದಿ ಗಂಟನ್ನು ಕರಗಿಸುತ್ತದೆ. 21 ದಿನಕ್ಕೆ ಮತ್ತೆ ಬೆದೆ. ಕೀವು ತುಂಬಿದ ಗರ್ಭಕೋಶಕ್ಕೆ ಆ ಕೆಲಸ ಆಗುವುದಿಲ್ಲ. ಗಂಟು ಉಳಿಯುತ್ತದೆ, ಕೀವೂ ಉಳಿಯುತ್ತದೆ, ನಾವು ಗಬ್ಬವೆಂದು ಕಾಯುತ್ತೇವೆ!

ಬೆದೆಯಿಲ್ಲದಾಗ ಅಂದಾಜಿನ ಮೇಲೆ ಕೃತಕ ಗರ್ಭಧಾರಣೆ ಮಾಡಿಸುವುದೂ ಅಪಾಯವೇ. ಕಾವಲಿಲ್ಲದ ಹೊತ್ತಿನಲ್ಲಿ ನಳಿಕೆಯೊಡನೆ ಕೊಳೆಯೂ ಒಳಹೋಗಬಹುದು. ಕರು ಹಾಕಿ ಎರಡು ತಿಂಗಳಾಗುವ ತನಕ ಅವಸರ ಬೇಡ. ಬೆದೆಯ ಲೋಳೆ ಗಾಜಿನಂತೆ ತಿಳಿಯಾಗಿರದೆ ಬಿಳಿ ಎಳೆ ಕಂಡರೆ ಮೊದಲು ಚಿಕಿತ್ಸೆ.

ವೈದ್ಯರು ಕೊಡುವುದು ಅದೇ ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು. ಹಸು ನಿಜವಾಗಿ ಗಬ್ಬವಾಗಿದ್ದರೆ ಅದರಿಂದ ಕಂದು ಹಾಕೀತು, ಆದ್ದರಿಂದ ಪರೀಕ್ಷೆಯಾಗದೆ ಕೊಡಿಸಬಾರದು. ಚರ್ಮದ ಮೂಲಕವೂ ಇಳಿಯುವ ಔಷಧವಾದ್ದರಿಂದ ಗರ್ಭಿಣಿಯರೂ ಉಬ್ಬಸದವರೂ ಸೀಸೆಯನ್ನು ಮುಟ್ಟಕೂಡದು.

ನಮ್ಮ ಹಸು ನಾಲ್ಕನೆಯ ದಿನ ಕೀವನ್ನು ಹೊರಹಾಕಿತು. ಎರಡು ಬೆದೆ ಬಿಟ್ಟು ಮೂರನೆಯದಕ್ಕೆ ಗರ್ಭಧಾರಣೆ ಮಾಡಿಸಿದೆವು. ಈ ಸಲ ಬೆದೆ ನಿಂತಿತೆಂದು ಹಿಗ್ಗದೆ, ಎರಡು ತಿಂಗಳು ತುಂಬಿದೊಡನೆ ವೈದ್ಯರನ್ನು ಕರೆಸಿದೆವು. ಗಬ್ಬ ನಿಂತಿದೆ.