ಮಳೆಗಾಲದ ಎಳೆಗೂಸು

ಮಲೆನಾಡಿನ ತಾಯ್ತಂದೆಯರಿಗೆ ಮಳೆಗಾಲವು ಹೊಸದಲ್ಲ. ಮೃಗಶಿರಾ ಮಳೆ ಹಿಡಿದರೆ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಕಳೆಯುವವರೆಗೆ ಆಲ್ದೂರು, ಖಾಂಡ್ಯ, ಮೂಡಿಗೆರೆ, ಕಳಸದ ಸೀಮೆಯಲ್ಲಿ ಬಿಸಿಲು ಕಾಣುವುದೇ ಅಪರೂಪ. ಒಗೆದ ಬಟ್ಟೆ ಒಣಗುವುದಿಲ್ಲ. ಗೋಡೆ, ನೆಲ, ಹಾಸಿಗೆಗಳೆಲ್ಲ ತಂಪೇರಿರುತ್ತವೆ. ದೊಡ್ಡವರು ಕಂಬಳಿ ಹೊದ್ದು, ಬಚ್ಚಲೊಲೆಯ ಮುಂದೆ ಕುಳಿತು ಈ ಚಳಿಯನ್ನು ಕಳೆಯಬಲ್ಲರು. ಆದರೆ ಆಗತಾನೆ ಲೋಕಕ್ಕೆ ಬಂದ ಶಿಶುವಿಗೆ ಆ ಶಕ್ತಿಯಿಲ್ಲ. ಅದರ ಮೈಯನ್ನು ಬೆಚ್ಚಗಿಡುವ ಹೊಣೆ ಮನೆಯವರದು.

ಒಂದು ಆಷಾಢದ ಬೆಳಗಿನಲ್ಲಿ ಒಂಬತ್ತು ದಿನಗಳ ಹೆಣ್ಣುಕೂಸೊಂದನ್ನು ನನ್ನ ಬಳಿಗೆ ತಂದರು. ಹುಟ್ಟುವಾಗ ಅದರ ತೂಕ 2 ಕೆ.ಜಿ. 100 ಗ್ರಾಂ ಮಾತ್ರ. ಎರಡು ದಿನಗಳಿಂದ ಮಗು ಅಳದೆ ಮಲಗಿಯೇ ಇದ್ದುದನ್ನು ಕಂಡು, "ಎಂಥ ಒಳ್ಳೆಯ ಕೂಸು, ಯಾರಿಗೂ ತೊಂದರೆ ಕೊಡುವುದಿಲ್ಲ" ಎಂದು ಮನೆಯವರು ಸಂತೋಷಪಟ್ಟಿದ್ದರು. ಹಿಂದಿನ ಸಂಜೆ ಅದು ಮೊಲೆ ಹಿಡಿಯಲಿಲ್ಲ. ರಾತ್ರಿಯ ಮಳೆಯಲ್ಲಿ ಹೊರಡುವುದೆಂತು ಎಂದು ಬೆಳಗಾಗುವುದನ್ನು ಕಾದರು. ನಾನು ಮುಟ್ಟಿ ನೋಡಿದಾಗ ಅದರ ಪಾದಗಳಷ್ಟೇ ಅಲ್ಲ, ಹೊಟ್ಟೆಯೂ ತಣ್ಣಗಿತ್ತು. ಕೂಡಲೇ ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿ, ಮೊದಲ ಚುಚ್ಚುಮದ್ದು ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಮಗು ಬದುಕಿತು. ಇನ್ನು ಕೆಲವು ಗಂಟೆ ತಡವಾಗಿದ್ದರೆ ಈ ಮಾತನ್ನು ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ. ಆ ಮನೆಯವರಲ್ಲಿ ಪ್ರೀತಿಯ ಕೊರತೆಯಿರಲಿಲ್ಲ. ಸುಮ್ಮನಿರುವ ಕೂಸೆಲ್ಲ ಸುಖವಾಗಿರುವ ಕೂಸಲ್ಲ ಎಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೆ.

ಶಿಶು ಏಕೆ ತಣ್ಣಗಾಗುತ್ತದೆ?

ಎಳೆಗೂಸಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ಹೆಚ್ಚು. ಚರ್ಮದಡಿಯ ಕೊಬ್ಬು ಕಡಿಮೆ. ಆದುದರಿಂದ ಮೈಯ ಶಾಖವು ಬೇಗನೆ ಹೊರಹೋಗುತ್ತದೆ. ತಲೆ ತೆರೆದಿದ್ದರೆ, ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಬೇಗ. ತಣ್ಣಗಾದ ಮಗು ಬಲಗುಂದಿ ಹಾಲು ಚೀಪುವುದಿಲ್ಲ. ಹಾಲಿಲ್ಲದೆ ಶಾಖ ಹುಟ್ಟುವುದಿಲ್ಲ. ಶಾಖವಿಲ್ಲದೆ ಮಗು ಮತ್ತಷ್ಟು ತಣ್ಣಗಾಗುತ್ತದೆ. ಈ ವಿಷವರ್ತುಲವನ್ನು ಆರಂಭದಲ್ಲಿಯೇ ಮುರಿಯಬೇಕು. ಸೋಂಕು ತಗುಲಿದ ಎಳೆಗೂಸಿಗೂ ಜ್ವರವೇ ಬರಬೇಕೆಂದಿಲ್ಲ. ಅನೇಕ ವೇಳೆ ಮೈ ತಣ್ಣಗಾಗುವುದೇ ಸೋಂಕಿನ ಗುರುತಾಗಿರುತ್ತದೆ.

ಉಷ್ಣಮಾಪಕವಿಲ್ಲದೆಯೂ ಇದನ್ನು ಪರೀಕ್ಷಿಸಬಹುದು. ನಿಮ್ಮ ಅಂಗೈಯನ್ನು ಒರೆಸಿ, ಬೆಚ್ಚಗೆ ಉಜ್ಜಿಕೊಂಡು, ಮಗುವಿನ ಹೊಟ್ಟೆಯನ್ನೂ ಪಾದವನ್ನೂ ಮುಟ್ಟಿರಿ. ಎರಡೂ ಬೆಚ್ಚಗಿದ್ದರೆ ಮಗು ಕ್ಷೇಮ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಅದಕ್ಕೆ ಚಳಿಯಾಗುತ್ತಿದೆ. ಕೂಡಲೇ ಬೆಚ್ಚಗೆ ಮಾಡಿರಿ. ಎರಡೂ ತಣ್ಣಗಿದ್ದರೆ ಅಪಾಯ. ಮಗುವನ್ನು ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿರಿ.

ಬೆಚ್ಚಗಿಡುವ ಬಗೆ

ಹುಟ್ಟಿದ ದಿನ ಮಗುವಿಗೆ ಸ್ನಾನ ಬೇಡ. ತೂಕ ಎರಡೂವರೆ ಕೆ.ಜಿ.ಗಿಂತ ಕಡಿಮೆಯಿದ್ದರೆ, ಮಗು ತೂಕ ಏರಿಸಿಕೊಂಡು ಚೇತರಿಸಿಕೊಳ್ಳುವವರೆಗೂ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ತಲೆಗೆ ಕುಲಾವಿ, ಕಾಲಿಗೆ ಕಾಲುಚೀಲ ಇರಲಿ. ಒದ್ದೆಯಾದ ಬಟ್ಟೆಯನ್ನು ಒಡನೆ ಬದಲಿಸಿರಿ. ಮಳೆ ಹಿಡಿಯುವ ಮುನ್ನವೇ ಹಳೆಯ ಹತ್ತಿಬಟ್ಟೆಗಳನ್ನು ಒಗೆದು, ಬಿಸಿಲಿಗೆ ಒಣಗಿಸಿ, ಸಾಕಷ್ಟು ಕೂಡಿಟ್ಟುಕೊಳ್ಳುವುದು ಜಾಣತನ.

ಎಲ್ಲಕ್ಕಿಂತ ಉತ್ತಮವಾದ ಬಿಸುಪು ತಾಯಿಯ ಮೈಯದು. ಬಟ್ಟೆಯಿಲ್ಲದ ಮಗುವನ್ನು, ಕುಲಾವಿ ಮತ್ತು ಒಂದು ಚೌಕದೊಡನೆ, ತಾಯಿಯ ಬರಿಯ ಎದೆಯ ನಡುವೆ ನೆಟ್ಟಗೆ ಇರಿಸಿ, ಮೇಲೆ ಸೀರೆಯಿಂದ ಭದ್ರವಾಗಿ ಸುತ್ತಿ, ಕಂಬಳಿ ಹೊದಿಸಬೇಕು. ಮುಖ ಒಂದು ಪಕ್ಕಕ್ಕೆ ತಿರುಗಿದ್ದು ಮೂಗು ತೆರೆದಿರಬೇಕು. ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರು. ದಕ್ಷಿಣ ಅಮೆರಿಕದ ಬೊಗೊಟಾ ನಗರದಲ್ಲಿ ಶಾಖಪೆಟ್ಟಿಗೆಗಳು ಸಾಲದೆ ಹೋದಾಗ, 1970ರ ದಶಕದ ಕೊನೆಯಲ್ಲಿ, ವೈದ್ಯರು ಈ ಕ್ರಮವನ್ನು ಆರಂಭಿಸಿದರು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ವಿಸ್ತರಿಸುವ ಕಾರ್ಯ ನಡೆದಿದೆ. ಕಡಿಮೆ ತೂಕದ ಶಿಶುಗಳಿಗೆ ಇದು ಪ್ರಾಣರಕ್ಷಕ. ತಾಯಿ ದಣಿದಾಗ ತಂದೆಯೂ, ಅಜ್ಜಿಯೂ ಹೀಗೆ ಮಾಡಬಹುದು. ತಂದೆಯ ಎದೆಯೇನೂ ತಣ್ಣಗಿರುವುದಿಲ್ಲ!

ಒಂದು ಎಚ್ಚರಿಕೆಯನ್ನು ಮರೆಯಬಾರದು. ಬಾಣಂತಿಯ ಕೋಣೆಯ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ನಮ್ಮಲ್ಲಿದೆ. ಉರಿಯುವ ಇದ್ದಿಲಿನಿಂದ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ವಿಷಾನಿಲ ಹೊರಡುತ್ತದೆ. ಅದು ನಿದ್ದೆಯಲ್ಲಿಯೇ ತಾಯಿ ಮಗು ಇಬ್ಬರ ಪ್ರಾಣವನ್ನೂ ಕಳೆಯಬಲ್ಲದು. ಮಲಗುವ ಕೋಣೆಯಲ್ಲಿ ಕೆಂಡ ಇಡಕೂಡದು. ಮಗುವಿನ ಮುಖಕ್ಕೆ ಸಾಂಬ್ರಾಣಿಯ ಹೊಗೆ ಹಿಡಿಯುವುದೂ ಅದರ ಎಳೆಯ ಶ್ವಾಸಕೋಶಗಳಿಗೆ ಹಾನಿಕರ.

ಎದೆಹಾಲೊಂದೇ ಆಹಾರ

ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿಕೊಳ್ಳಬೇಕು. ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದು ತಪ್ಪು. ರೋಗಗಳನ್ನು ಎದುರಿಸುವ ಶಕ್ತಿ ಅದರಲ್ಲಿದೆ. ಅದು ಸ್ವಲ್ಪವೇ ಬರುವುದೆಂದು ಚಿಂತಿಸಬೇಡಿರಿ. ಮೊದಲ ದಿನ ಮಗುವಿನ ಹೊಟ್ಟೆ ಹಿಡಿಸುವುದೂ ಒಂದು ಸಾರಿಗೆ ಒಂದು ಚಮಚೆಯಷ್ಟನ್ನೇ.

ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಬಾರಿ ಹಾಲೂಡಿಸಿರಿ. ಕಡಿಮೆ ತೂಕದ ಮಗು ಹಸಿವಾದರೂ ಅಳದಿರಬಹುದು. ಆದುದರಿಂದ ಅದನ್ನು ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಬೇಕು. ಚೀಪಲು ಬಲವಿಲ್ಲದಿದ್ದರೆ ಹಾಲನ್ನು ಶುಭ್ರವಾದ ಬಟ್ಟಲಿಗೆ ಹಿಂಡಿ, ನಮ್ಮ ಹಿರಿಯರು ಬಳಸುತ್ತಿದ್ದ ಒಳಲೆಯಿಂದ ಮೆಲ್ಲಗೆ ಕುಡಿಸಿರಿ. ಪ್ರತಿಸಲವೂ ಒಳಲೆಯನ್ನು ತೊಳೆದು ಕುದಿಸಬೇಕು. ಮೊದಲ ಕೆಲವು ದಿನ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಸುಮಾರು ಎರಡು ವಾರಗಳೊಳಗೆ ಅದು ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಮೊದಲ ವಾರದ ನಂತರ ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆಯೆಂದು ತಿಳಿಯಿರಿ.

ಆರು ತಿಂಗಳು ತುಂಬುವವರೆಗೆ ನೀರು, ಜೇನು, ಸಕ್ಕರೆನೀರು, ಹರಳೆಣ್ಣೆ, ತೇಯ್ದ ಬಜೆ, ಹಸುವಿನ ಹಾಲು ಇವು ಯಾವುವೂ ಬೇಡ. ವೈದ್ಯರು ಹೇಳಿದ ಔಷಧಿ ಮಾತ್ರ ಇದಕ್ಕೆ ಹೊರತು. ಮಳೆಗಾಲದಲ್ಲಿ ಬಾವಿ, ತೊರೆಗಳ ನೀರು ಕದಡಿರುತ್ತದೆ. ಆ ನೀರು ಬಾಟಲಿಯ ಮೂಲಕ ಮಗುವಿನ ಹೊಟ್ಟೆ ಸೇರಿದರೆ ಭೇದಿ ನಿಶ್ಚಯ. ಹೊಕ್ಕುಳಬಳ್ಳಿಗೂ ಎಣ್ಣೆ, ಬೂದಿ, ಅರಿಸಿನ ಹಚ್ಚಬಾರದು. ಅದು ಒಣಗಿ ತಾನಾಗಿ ಬೀಳಲಿ.

ತೋಟದ ಕೆಲಸಕ್ಕೆ ಮರಳುವ ತಾಯಿ

ಆಷಾಢದಲ್ಲಿ ಹುಟ್ಟಿದ ಮಗುವಿಗೆ ಐದಾರು ತಿಂಗಳಾಗುವ ಹೊತ್ತಿಗೆ ಕಾಫಿ ಹಣ್ಣಿನ ಕುಯಿಲು ಬರುತ್ತದೆ. ತಾಯಿ ಕೆಲಸಕ್ಕೆ ಹೊರಟರೆ, ಮನೆಯಲ್ಲಿ ಉಳಿದ ಮಗುವಿಗೆ ನೀರು ಬೆರೆಸಿದ ಹಾಲು ಬೀಳುತ್ತದೆ. ಇದಕ್ಕೆ ಪರಿಹಾರವಿದೆ. ಹೊರಡುವ ಮುನ್ನ ಎದೆಹಾಲನ್ನು ಹಿಂಡಿ, ಮುಚ್ಚಿದ ಶುಭ್ರ ಪಾತ್ರೆಯಲ್ಲಿ ತಂಪಾದ ಜಾಗದಲ್ಲಿರಿಸಿದರೆ ನಾಲ್ಕು ಗಂಟೆಗಳವರೆಗೆ ಅದನ್ನು ಕುಡಿಸಬಹುದು. ಮಗುವಿಗೆ 15 ತಿಂಗಳಾಗುವವರೆಗೆ, ಮಾಮೂಲಿ ವಿರಾಮದ ಜೊತೆಗೆ, ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು ಕೊಡಬೇಕೆಂದು ಹೆರಿಗೆ ಸೌಲಭ್ಯದ ಕಾನೂನು ಹೇಳುತ್ತದೆ. ಹೆಚ್ಚು ಮಂದಿ ಹೆಂಗಸರು ದುಡಿಯುವ ತೋಟಗಳಲ್ಲಿ ಶಿಶುವಿಹಾರವಿರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ಇದು ಯಾರ ಕೃಪೆಯೂ ಅಲ್ಲ, ಮಗುವಿನ ಹಕ್ಕು. ತೋಟದ ಮಾಲೀಕರೂ ಈ ಪುಟವನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿರಿ.

ತಡಮಾಡಬಾರದ ಚಿಹ್ನೆಗಳು

ಎರಡು ತಿಂಗಳೊಳಗಿನ ಶಿಶುವಿನಲ್ಲಿ ಈ ಕೆಳಗಿನ ಯಾವುದೇ ಒಂದು ಚಿಹ್ನೆ ಕಂಡರೂ, ಹಗಲಿರಲಿ ಇರುಳಿರಲಿ, ಕೂಡಲೇ ಆಸ್ಪತ್ರೆಗೆ ಹೊರಡಬೇಕು:

1. ಹಾಲು ಕುಡಿಯದಿರುವುದು, ಅಥವಾ ಮೊದಲಿಗಿಂತ ಬಲಗುಂದಿ ಕುಡಿಯುವುದು.
2. ಎಬ್ಬಿಸಿದರೂ ಏಳದಿರುವುದು, ಕೈಕಾಲು ಆಡಿಸದಿರುವುದು, ಅಳು ಕ್ಷೀಣಿಸುವುದು.
3. ಸುಮ್ಮನೆ ಮಲಗಿರುವಾಗ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುವುದು; ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುವುದು; ನರಳುವುದು.
4. ಮೈ ಸುಡುವುದು ಅಥವಾ ತಣ್ಣಗಾಗುವುದು.
5. ಸೆಳವು.
6. ಮೊದಲ ದಿನವೇ ಮೈ ಹಳದಿಯಾಗುವುದು. ಯಾವ ದಿನವಾದರೂ ಅಂಗೈ, ಅಂಗಾಲು ಹಳದಿಯಾಗುವುದು.
7. ಹೊಕ್ಕುಳ ಕೆಂಪಾಗುವುದು, ಕೀವು ಸೋರುವುದು.

ದೃಷ್ಟಿ ತೆಗೆಯುವುದು, ಯಂತ್ರ ಕಟ್ಟಿಸುವುದು ನಿಮ್ಮ ನಂಬಿಕೆ. ಅದಕ್ಕಾಗಿ ಆಸ್ಪತ್ರೆಯ ದಾರಿಯನ್ನು ತಡಮಾಡಬೇಡಿರಿ. ಎಳೆಗೂಸಿನ ಕಾಯಿಲೆ ದಿನಗಳ ಲೆಕ್ಕದಲ್ಲಲ್ಲ, ಗಂಟೆಗಳ ಲೆಕ್ಕದಲ್ಲಿ ಏರುತ್ತದೆ.

ಮಳೆಗೆ ಮುನ್ನವೇ ಸಿದ್ಧತೆ

ಗಾಳಿಮಳೆಗೆ ಮರ ಉರುಳಿ, ಗುಡ್ಡ ಜರಿದು ರಸ್ತೆ ಕಟ್ಟಿಹೋಗುವುದು ನಮ್ಮ ಸೀಮೆಯಲ್ಲಿ ಅಪರೂಪವಲ್ಲ. ದೂರವಾಣಿಯೂ ಕೈಕೊಡಬಹುದು. ಆದುದರಿಂದ ಮಳೆಗಾಲದಲ್ಲಿ ದಿನ ತುಂಬುವ ಗರ್ಭಿಣಿಯನ್ನು ಒಂದೆರಡು ವಾರ ಮುಂಚಿತವಾಗಿಯೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಯಲ್ಲಿರಿಸುವುದು ಲೇಸು. ರಾತ್ರಿ ಕರೆದರೆ ಬರುವ ವಾಹನ ಯಾವುದು, ಅದು ಬರಲಾಗದಿದ್ದರೆ ಮುಖ್ಯರಸ್ತೆಯವರೆಗೆ ಮಗುವನ್ನು ಒಯ್ಯುವವರು ಯಾರು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿರಿ. ತುರ್ತಿಗೆ 108 ಸಂಖ್ಯೆಗೆ ಕರೆಮಾಡಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದೊಳಗಿನ ಶಿಶುವಿನ ಚಿಕಿತ್ಸೆ, ಔಷಧಿ, ಸಾಗಣೆ ಎಲ್ಲವೂ ಉಚಿತ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಕಾರ್ಯಕರ್ತೆ ನಿಮ್ಮ ಮನೆಗೆ ಬರುತ್ತಾಳೆ. ಕೊಡೆ ಹಿಡಿದು, ಇಂಬಳ ಕಚ್ಚಿಸಿಕೊಂಡು ಬರುವ ಆಕೆಯನ್ನು ಬಾಗಿಲಲ್ಲಿಯೇ ಮಾತನಾಡಿಸಿ ಕಳುಹಿಸಬೇಡಿರಿ. ಮಗುವನ್ನು ತೂಗಲಿ, ಮುಟ್ಟಿ ನೋಡಲಿ. ಹುಟ್ಟಿದಾಗ ಕೊಡುವ ಬಿ.ಸಿ.ಜಿ., ಪೋಲಿಯೋ, ಹೆಪಟೈಟಿಸ್-ಬಿ ಲಸಿಕೆಗಳ ನಂತರ 6, 10, 14ನೆಯ ವಾರಗಳ ಲಸಿಕೆಗಳನ್ನು ತಾಯಿ ಕಾರ್ಡಿನಂತೆ ಹಾಕಿಸಿರಿ. ಮಳೆಯಿಂದ ದಿನ ತಪ್ಪಿದ್ದರೆ, ಬಿಟ್ಟುಬಿಡದೆ ಮುಂದಿನ ಲಸಿಕಾ ದಿನದಂದು ಬನ್ನಿರಿ.

ಪ್ರಿಯ ತಾಯ್ತಂದೆಯರೇ, ಎಳೆಗೂಸಿಗೆ ಬೇಕಾದ ಶಾಖವೂ ಆಹಾರವೂ ತಾಯಿಯ ಎದೆಯಲ್ಲಿಯೇ ಇವೆ. ಅದು ಅಳುವಾಗ ಹೇಗೂ ಎಲ್ಲರೂ ಓಡಿ ಬರುತ್ತೀರಿ. ಅಳಬೇಕಾದ ಹೊತ್ತಿನಲ್ಲಿ ಅದು ಅಳದೆ ಮಲಗಿದ್ದರೆ, ಆಗಲೂ ಹತ್ತಿರ ಬಂದು ಒಮ್ಮೆ ಅದರ ಪಾದವನ್ನು ಮುಟ್ಟಿ ನೋಡಿರಿ.