ಮೀನಿನ ತೊಟ್ಟಿಗೂ ಒಂದು ಸಂಪು

ಮಕ್ಕಳೇ, ಹೊಸಪೇಟೆಯ ಮನೆಗಳಲ್ಲಿ ನಲ್ಲಿ ನೀರು ತುಂಬಿಡುವ ಸಂಪನ್ನು ನೀವು ನೋಡಿದ್ದೀರಿ. ಸಮುದ್ರದ ಮೀನು ಸಾಕುವವರು ಗಾಜಿನ ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ ಇಡುತ್ತಾರೆ. ಅದಕ್ಕೂ ಸಂಪು ಎಂದೇ ಹೆಸರು. ಆದರೆ ಇದರ ಕೆಲಸ ನೀರನ್ನು ಕೂಡಿಡುವುದಲ್ಲ, ಶುದ್ಧ ಮಾಡುವುದು!

ಮೀನು ಕಿವಿರುಗಳ ಮೂಲಕ ಅಮೋನಿಯಾ ಹೊರಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯಾ ಉಂಟಾಗುತ್ತದೆ. ಕಡಲಿನಲ್ಲಿ ಅದು ಚದುರಿಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ನೀರು ತಿಳಿಯಾಗಿಯೇ ಕಾಣುತ್ತದೆ, ಮೀನು ಮಾತ್ರ ಸಾಯುತ್ತದೆ. ಸಂಪಿನ ಕಲ್ಲುಗಳ ಮೇಲೆ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ನೈಟ್ರೇಟ್ ಅಷ್ಟು ವಿಷವಲ್ಲ. ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಹಲವು ವಾರ ಬೇಕು. ಮೊದಲ ದಿನವೇ ತೊಟ್ಟಿ ತುಂಬ ಮೀನು ಬಿಡುವವರು ಇದನ್ನು ಮರೆಯುತ್ತಾರೆ.

ಮೇಲಿನ ತೊಟ್ಟಿಯ ಅಂಚಿನ ಹತ್ತಿರ ಗಾಜಿನ ಅಂಗಡಿಯವರಿಂದ ಒಂದು ತೂತು ಕೊರೆಸಿ, ಪೈಪು ಜೋಡಿಸಬೇಕು. ನೀರು ತೂತಿನ ಮಟ್ಟಕ್ಕೆ ಏರಿದರೆ ತಾನಾಗಿಯೇ ಸಂಪಿಗೆ ಇಳಿಯುತ್ತದೆ. ಹಂಪಿಯ ಮೆಟ್ಟಿಲು ಪುಷ್ಕರಣಿಯ ಬಳಿಯ ಕಲ್ಲಿನ ಕಾಲುವೆ ನೋಡಿದ್ದೀರಲ್ಲ? ಅಲ್ಲಿಯೂ ನೀರನ್ನು ಹರಿಸಿದ್ದು ಇಳಿಜಾರೇ. ಸಂಪಿನಲ್ಲಿ ನೀರು ಮೊದಲು ಸ್ಪಂಜು, ಆಮೇಲೆ ಕಲ್ಲುಗಳನ್ನು ದಾಟಿ ಪಂಪಿನ ಕೋಣೆಗೆ ಬರುವಂತೆ ಗಾಜಿನ ಅಡ್ಡಗೋಡೆಗಳನ್ನು ಅಂಟಿಸುತ್ತಾರೆ. ಪಂಪು ನೀರನ್ನು ಮತ್ತೆ ಮೇಲೇರಿಸುತ್ತದೆ.

ಕರೆಂಟು ಹೋದರೆ? ಇಲ್ಲೇ ಹಲವರು ಎಡವುವುದು. ಪಂಪು ನಿಂತೊಡನೆ, ಮೇಲಕ್ಕೆ ನೀರು ತರುತ್ತಿದ್ದ ಪೈಪೇ ಅದನ್ನು ಕೆಳಕ್ಕೆ ಎಳೆಯತೊಡಗುತ್ತದೆ. ಪೈಪಿನ ಬಾಯಿಗೆ ಗಾಳಿ ತಾಗುವವರೆಗೂ ಇದು ನಿಲ್ಲದು. ಲೆಕ್ಕ ಹಾಕೋಣ. ತೊಟ್ಟಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಪೈಪಿನ ಬಾಯಿ 2 ಸೆಂ.ಮೀ. ಮುಳುಗಿದ್ದರೆ 60 × 30 × 2 = 3600 ಘನ ಸೆಂ.ಮೀ., ಅಂದರೆ 3.6 ಲೀಟರ್ ಇಳಿಯುತ್ತದೆ. 25 ಸೆಂ.ಮೀ. ಮುಳುಗಿದ್ದರೆ 45 ಲೀಟರ್! ಕೆಳಗೆ ನೆಲವೆಲ್ಲ ನೀರು, ಮೇಲೆ ಮೀನಿನ ಪರದಾಟ. ಆದ್ದರಿಂದ ಪೈಪಿನ ಬಾಯಿ ನೀರಿನ ಮೇಲ್ಮಟ್ಟದಲ್ಲೇ ಇರಲಿ. ಇಳಿಯುವ ನೀರಿಗೆ ಸಂಪಿನಲ್ಲಿ ಜಾಗ ಖಾಲಿ ಇರಲಿ. ಮೀನು ಬಿಡುವ ಮೊದಲೇ ಪ್ಲಗ್ ತೆಗೆದು ಪರೀಕ್ಷಿಸಿ. ವಿದ್ಯುತ್ತಿನ ಕೆಲಸ ಮಾತ್ರ ದೊಡ್ಡವರೇ ಮಾಡಲಿ. ಪ್ಲಗ್ ತೆಗೆಯದೆ ಯಾರೂ ನೀರಿಗೆ ಕೈ ಹಾಕಬಾರದು.

ನಿಮ್ಮ ಶಾಲೆಯಲ್ಲಿ ಕೆರೆಯ ಮೀನಿದ್ದರೂ ಇದೇ ಸಂಪು ನಡೆಯುತ್ತದೆ. ಕಡಲ ಮೀನಿಗೆ ಇನ್ನೊಂದು ಎಚ್ಚರ ಬೇಕು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಡುಗೆ ಉಪ್ಪು ಕದಡಿದರೆ ಅದು ಸಮುದ್ರದ ನೀರಾಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವೂ ಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಆವಿಯಾದಷ್ಟು ನೀರನ್ನು ತುಂಬುವಾಗ ಉಪ್ಪುನೀರು ಹಾಕದೆ, ಕ್ಲೋರಿನ್ ಇಲ್ಲದ ಸಿಹಿನೀರನ್ನೇ ಹಾಕಬೇಕು.

ಎಷ್ಟು ಆವಿಯಾಯಿತೆಂದು ತಿಳಿಯಲು ಮೇಲಿನ ತೊಟ್ಟಿಯನ್ನು ನೋಡಿ ಪ್ರಯೋಜನವಿಲ್ಲ. ಅಲ್ಲಿನ ಮಟ್ಟ ಬದಲಾಗುವುದಿಲ್ಲ. ಪಂಪಿನ ಕೋಣೆಯ ಮಟ್ಟ ಮಾತ್ರ ಇಳಿಯುತ್ತದೆ. ಏಕೆ? ತೂತು ಎಲ್ಲಿದೆಯೆಂದು ಚಿತ್ರ ಬರೆದು ನೋಡಿ.