ದೋಣಿ ಮೋಟಾರು ಸ್ಟಾರ್ಟ್ ಆಗ್ತಿಲ್ವಾ? ಪಾರ್ಟ್ ಕೊಳ್ಳುವ ಮೊದಲು ಕಿಡಿ ನೋಡಿ

ನಮ್ಮ ತರಕಾರಿ ತೋಟ ಇರುವುದು ಕುಂದಾಪುರ ಕಡೆಯ ಒಂದು ಕುದ್ರುವಿನಲ್ಲಿ. ಸುತ್ತಲೂ ಹೊಳೆ, ಸೇತುವೆ ಇಲ್ಲ. ಬೆಂಡೆ, ಹರಿವೆ, ಅಲಸಂದೆ ಏನೇ ಕೊಯ್ದರೂ ದೋಣಿಯಲ್ಲೇ ಆಚೆ ದಡಕ್ಕೆ ಹೋಗಬೇಕು. ಹೋದ ವರ್ಷ ಒಂದು ಬೆಳಿಗ್ಗೆ ಹತ್ತು ಕ್ರೇಟ್ ಹೇರಿಕೊಂಡು ಹೊರಟಿದ್ದೆ, ಹೊಳೆಯ ಮಧ್ಯೆ ಮೋಟಾರು ಕೈಕೊಟ್ಟಿತು. ಇಳಿತದ ಹೊತ್ತು ಬೇರೆ, ನೀರು ಅಳಿವೆಯ ಕಡೆಗೆ ಎಳೀತಿತ್ತು. ಹುಟ್ಟು ಹಾಕಿ ಹಾಕಿ ದಡ ಸೇರುವಷ್ಟರಲ್ಲಿ ತರಕಾರಿ ಗಾಡಿ ಹೋಗಿಯಾಗಿತ್ತು. ಹರಿವೆ ಅಷ್ಟೂ ಬಾಡಿತು.

ಮೋಟಾರು ಹಳೆಯದು. ಟು ಸ್ಟ್ರೋಕ್, ಎರಡು ಸಿಲಿಂಡರ್, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವಂಥದ್ದು. ಮೆಕ್ಯಾನಿಕ್ ನೋಡಿ "ಸಿಡಿಐ ಹೋಗಿದೆ" ಅಂದರು. ಸಾವಿರಗಟ್ಟಲೆ ಕೊಟ್ಟು ಹೊಸದು ಹಾಕಿಸಿದೆ. ಎರಡೇ ದಿನ, ಮತ್ತೆ ಅದೇ ಕಥೆ. ನಿಜವಾಗಿ ಕೆಟ್ಟಿದ್ದು ಸ್ಟಾಪ್ ಸ್ವಿಚ್!

ಇದು ಅರ್ಥ ಆಗಬೇಕಾದರೆ ಕಿಡಿ ಎಲ್ಲಿಂದ ಬರುತ್ತದೆ ಅಂತ ಗೊತ್ತಿರಬೇಕು. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಈ ಮೋಟಾರುಗಳಿಗೆ ಬ್ಯಾಟರಿ ಬೇಡ. ಫ್ಲೈವೀಲ್‌ನಲ್ಲಿರುವ ಅಯಸ್ಕಾಂತ ತಿರುಗಿದಾಗ ಅದರಡಿಯ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ. ಸಿಡಿಐ ಅದನ್ನು ಕೂಡಿಟ್ಟುಕೊಂಡು, ಸರಿಯಾದ ಕ್ಷಣಕ್ಕೆ ಇಗ್ನಿಷನ್ ಕಾಯಿಲ್‌ಗೆ ಬಿಡುತ್ತದೆ. ಅಲ್ಲಿ ವೋಲ್ಟೇಜ್ ಸಾವಿರಗಟ್ಟಲೆ ಏರಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಇನ್ನೂ ಹಳೆಯ ಮೋಟಾರಾದರೆ ಸಿಡಿಐ ಬದಲು ಫ್ಲೈವೀಲ್ ಅಡಿಯಲ್ಲಿ ಪಾಯಿಂಟ್ ಇರುತ್ತದೆ.

ಸ್ಟಾಪ್ ಸ್ವಿಚ್ ಮನೆಯ ಸ್ವಿಚ್‌ಗೆ ತದ್ವಿರುದ್ಧ. ಮನೆಯಲ್ಲಿ ಆಫ್ ಮಾಡಿದರೆ ವೈರ್ ಬೇರೆಯಾಗುತ್ತದೆ, ಇಲ್ಲಿ ಆಫ್ ಮಾಡಿದರೆ ವೈರ್ ಕೂಡುತ್ತದೆ. ಕರೆಂಟು ಪ್ಲಗ್‌ಗೆ ಹೋಗದೆ ಎಂಜಿನ್ ಬಾಡಿಗೆ, ಅಂದರೆ ಅರ್ತ್‌ಗೆ ಇಳಿದುಬಿಡುತ್ತದೆ. ಆ ಸ್ವಿಚ್ಚಿನೊಳಗೆ ಉಪ್ಪುನೀರು ಸೇರಿದರೂ, ಅದರ ವೈರ್ ಎಲ್ಲೋ ಉಜ್ಜಿ ಸಿಪ್ಪೆ ಹೋದರೂ ಆಗುವುದು ಅದೇ. ನೀವು ಸ್ವಿಚ್ ಮುಟ್ಟದೇ ಇದ್ದರೂ ಮೋಟಾರು ಆಫ್.

ಪರೀಕ್ಷೆ ಪ್ಲಗ್‌ನಿಂದ ಶುರು ಮಾಡಿ. ಹತ್ತಾರು ಸಲ ಹಗ್ಗ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಎಣ್ಣೆ ಬರುತ್ತಿಲ್ಲ, ಅದು ಬೇರೆ ರಿಪೇರಿ. ಒದ್ದೆಯಾಗಿದ್ದರೆ ಎಣ್ಣೆ ಬಂದಿದೆ, ಉರಿದಿಲ್ಲ. ಆಗ ಕಿಡಿ ನೋಡಿ. ಎಣ್ಣೆ ಪೈಪ್ ಕಳಚಿ, ಚೆಲ್ಲಿದ್ದನ್ನು ಒರೆಸಿ. ಎರಡೂ ಪ್ಲಗ್ ಬಿಚ್ಚಿ ಕ್ಯಾಪ್‌ಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಭಾಗವನ್ನು ಕ್ಲಿಪ್ ವೈರ್‌ನಿಂದ ಎಂಜಿನ್ ಬಾಡಿಗೆ ಗಟ್ಟಿಯಾಗಿ ಕೂಡಿಸಿ. ಪ್ಲಗ್ ತೂತಿನಿಂದ ದೂರ ಇಡಿ, ಒಳಗಿಂದ ಬರುವ ಆವಿಗೆ ಬೆಂಕಿ ಹತ್ತಬಹುದು. ಪ್ಲಗ್ ಗಾಳಿಯಲ್ಲಿ ನೇತಾಡುತ್ತಿರುವಾಗ ಹಗ್ಗ ಎಳೆಯಬೇಡಿ, ಸಿಡಿಐ ಸುಡಬಹುದು. ಕೈಯಲ್ಲಂತೂ ಹಿಡಿಯಲೇಬೇಡಿ. ನೀಲಿ ಬಣ್ಣದ, ಚಟ್ ಅಂತ ಸದ್ದು ಮಾಡುವ ಕಿಡಿ ಬರಬೇಕು. ಹಳದಿಯಾಗಿ ಸಣ್ಣಗೆ ಬಂದರೆ ನಂಬಬೇಡಿ. ಹೊರಗೆ ಹಾರುವ ಕಿಡಿ ಸಿಲಿಂಡರ್ ಒತ್ತಡದಲ್ಲಿ ಹಾರದೇ ಇರಬಹುದು.

ಎರಡು ಸಿಲಿಂಡರ್ ಇದ್ದರೆ ನಮ್ಮ ಪುಣ್ಯ. ಒಂದರಲ್ಲಿ ಮಾತ್ರ ಕಿಡಿ ಇಲ್ಲ ಅಂದರೆ ಪ್ಲಗ್‌ಗಳನ್ನು ಅದಲುಬದಲು ಮಾಡಿ. ದೋಷ ಪ್ಲಗ್ ಜೊತೆ ಹೋಯಿತಾ? ಪ್ಲಗ್ ಬಿಸಾಕಿ. ಹೋಗಲಿಲ್ಲ ಅಂದರೆ, ಎರಡಕ್ಕೂ ಬೇರೆ ಬೇರೆ ಕಾಯಿಲ್ ಇರುವ ಮೋಟಾರಿನಲ್ಲಿ ಕಾಯಿಲ್‌ಗಳನ್ನೂ ಹಾಗೇ ಬದಲಿಸಿ ನೋಡಿ. ಬಿಚ್ಚುವ ಮೊದಲು ವೈರ್‌ಗಳ ಫೋಟೋ ತೆಗೆದುಕೊಳ್ಳಿ, ನಾನು ತೆಗೆಯದೆ ಒಂದು ಸಂಜೆ ಪೂರ್ತಿ ಒದ್ದಾಡಿದ್ದೇನೆ.

ಎರಡರಲ್ಲೂ ಕಿಡಿ ಇಲ್ಲವಾ? ಎರಡು ಪ್ಲಗ್, ಎರಡು ಕಾಯಿಲ್ ಒಟ್ಟಿಗೇ ಸಾಯುವುದು ಅಪರೂಪ. ದೋಷ ಎರಡಕ್ಕೂ ಸೇರಿದ ಜಾಗದಲ್ಲಿದೆ. ಸಿಡಿಐ ಅನ್ನುವ ಮೊದಲು ಸ್ಟಾಪ್ ಸ್ವಿಚ್ ವೈರಿನ ಕನೆಕ್ಟರ್ ಕಳಚಿ, ತುದಿ ಎಲ್ಲೂ ತಾಗದಂತೆ ಇಟ್ಟು, ಮತ್ತೆ ಎಳೆಯಿರಿ. ಕಿಡಿ ಬಂದರೆ ಸ್ವಿಚ್ ಅಥವಾ ಅದರ ವೈರೇ ಕಳ್ಳ. ಎರಡು ನಿಮಿಷದ, ಬಿಡಿಗಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ನಾನು ಮೊದಲೇ ಮಾಡಬೇಕಿತ್ತು. ಆದರೆ ವೈರ್ ಕಳಚಿ ಹಾಗೇ ಓಡಿಸುವ ಚಟ ಬೇಡ. ಮೋಟಾರು ಸ್ವಿಚ್‌ಗೆ ನಿಲ್ಲುವುದಿಲ್ಲ, ಚೋಕ್ ಎಳೆದೇ ನಿಲ್ಲಿಸಬೇಕು. ನೀವು ನೀರಿಗೆ ಬಿದ್ದರೆ ಮೋಟಾರು ನಿಲ್ಲಿಸುವ ಸೇಫ್ಟಿ ಹಗ್ಗವೂ ಕೆಲಸ ಮಾಡುವುದಿಲ್ಲ, ದೋಣಿ ನಿಮ್ಮನ್ನು ಬಿಟ್ಟು ಹೋಗುತ್ತದೆ.

ವೈರ್ ಕಳಚಿದರೂ ಕಿಡಿ ಇಲ್ಲ ಅಂದರೆ ಮಾತ್ರ ಫ್ಲೈವೀಲ್ ಅಡಿಯ ಕಾಯಿಲ್ ಮತ್ತು ಸಿಡಿಐ ಕಡೆ ಹೋಗಿ. ಕಾಯಿಲ್‌ಗಳನ್ನು ಮಲ್ಟಿಮೀಟರ್‌ನಲ್ಲಿ ಅಳೆದು ಮೋಟಾರಿನ ಮ್ಯಾನ್ಯುಯಲ್ ಜೊತೆ ತಾಳೆ ನೋಡಬೇಕು.

ತಣ್ಣಗಿದ್ದಾಗ ಸರಿಯಾಗಿ ಓಡಿ, ಅರ್ಧ ಗಂಟೆಗೆ ನಿಂತು, ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುವ ಮೋಟಾರು ತಲೆ ತಿನ್ನುತ್ತದೆ. ಕಾಯಿಲ್ ಬಿಸಿಗೆ ಸೋಲುತ್ತಿರಬಹುದು. ಆದರೆ ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಬಿಗಿಯಾಗಿದ್ದರೂ ಹೀಗೇ ಆಗುತ್ತದೆ. ಮೊದಲು ಅದನ್ನು ಸಡಿಲಿಸಿ ನೋಡಿ. ಆಮೇಲೂ ನಿಂತರೆ, ದಡ ಸೇರಿದ ಕೂಡಲೇ, ಬಿಸಿ ಆರುವ ಮೊದಲು ಕಿಡಿ ನೋಡಬೇಕು.

ದೋಣಿ ಇಲ್ಲದವರು, ನಿಮ್ಮ ಪೆಟ್ರೋಲ್ ಕಳೆ ಕಟ್ಟರ್ ಹೊರಗೆ ತನ್ನಿ. ಅದರಲ್ಲೂ ಸ್ಟಾಪ್ ವೈರ್ ಕಳಚುವ ಪರೀಕ್ಷೆ ಹೀಗೇ. ಜೊತೆಗೆ ಕಾಯಿಲ್‌ಗೂ ಫ್ಲೈವೀಲ್‌ಗೂ ನಡುವಿನ ಸಂದು ನೋಡಿ, ಹೆಚ್ಚಿನವಕ್ಕೆ ಸುಮಾರು 0.3 ಮಿ.ಮೀ. ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಸ್ಕ್ರೂ ಬಿಗಿದು, ಕಾರ್ಡ್ ಎಳೆದುಕೊಂಡರೆ ಆಯಿತು.